ಬೀಗ ಹಾಕಿದ ಮನೆ, ಬೀಳು ಬಿಟ್ಟ ಹೊಲ: ಕೊಡುವ ಮುಂಚೆ ಯಾವ ಕಾನೂನು ನೋಡಬೇಕು

ತಿಪಟೂರಿನಲ್ಲಿ ಪತ್ರ ಬರೆಯುವುದು ನನ್ನ ಕಸುಬು. ಕ್ರಯ, ದಾನ, ವಿಭಾಗ, ಬಾಡಿಗೆ ಕರಾರು, ಎಲ್ಲವೂ ನನ್ನ ಮೇಜಿಗೆ ಬರುತ್ತವೆ. ಮನೆ ಇರುವವರು, ಜಮೀನು ಇರುವವರು ಇಬ್ಬರೂ ಕೇಳುವ ಪ್ರಶ್ನೆ ಒಂದೇ. “ಅಕ್ಕಾ, ಇನ್ನೊಬ್ಬರ ಕೈಗೆ ಕೊಟ್ಟರೆ ವಾಪಸ್ ಸಿಗುತ್ತಾ?”

ಈ ಭಯದಿಂದಲೇ ಎಷ್ಟೋ ಮನೆಗಳಿಗೆ ಬೀಗ ಬಿದ್ದಿದೆ. ಮಕ್ಕಳು ಬೆಂಗಳೂರು ಸೇರಿದ ಮೇಲೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಲಂಟಾನ ಎದ್ದಿದೆ. ಪಕ್ಕದಲ್ಲೇ ಒಂದು ಗುಂಟೆ ಜಮೀನಿಲ್ಲದೆ, ಉಳಲು ತಯಾರಿರುವ ಹುಡುಗರು ಇದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಭಯಕ್ಕೆ ಕಾರಣವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಜನ ಎರಡು ಬೇರೆ ಬೇರೆ ಕಾನೂನನ್ನು ಒಂದೇ ಅಂದುಕೊಂಡು ಹೆದರುತ್ತಿದ್ದಾರೆ. ಮನೆಯ ವಿಷಯದಲ್ಲಿ ಹೆದರಿಸುತ್ತಿರುವ ಕಾನೂನು ಈಗಿಲ್ಲ. ಹೊಲದ ವಿಷಯದಲ್ಲಿ ಕಾನೂನು ಇದೆ, ಆದರೆ ಜನ ಹೆದರುವ ಭಾಗ ಒಂದು, ನಿಜವಾಗಿ ಅಡ್ಡ ಬರುವ ಭಾಗ ಇನ್ನೊಂದು. ಇದನ್ನು ಬಿಡಿಸಿಕೊಂಡರೆ ಮುಂದಿನ ದಾರಿ ಕಾಣುತ್ತದೆ.

ಮೊದಲು ಮನೆ

1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆ ಕಾಲದಲ್ಲಿ, ಅದು ಜಾರಿಯಲ್ಲಿದ್ದ ಊರುಗಳಲ್ಲಿ, ಮನೆ ಖಾಲಿಯಾದರೆ ಮಾಲೀಕರು ಬಾಡಿಗೆ ನಿಯಂತ್ರಣಾಧಿಕಾರಿಗೆ ತಿಳಿಸಬೇಕಿತ್ತು. ಆ ಅಧಿಕಾರಿ ಮನೆಯನ್ನು ತಾವೇ ಬೇರೆಯವರಿಗೆ ಹಂಚಬಹುದಿತ್ತು. ಬಿಡಿಸಿಕೊಳ್ಳಬೇಕಾದರೆ ಸ್ವಂತಕ್ಕೆ ಬೇಕು ಎಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕಿತ್ತು, ಅದಕ್ಕೆ ವರ್ಷಗಟ್ಟಲೆ ಅಲೆಯಬೇಕಿತ್ತು. ಹಿರಿಯರ ಮನಸ್ಸಿನಲ್ಲಿ ಇವತ್ತಿಗೂ ಇರುವುದು ಆ ಕಾಲದ ನೆನಪು.

ಆ ಕಾಯ್ದೆ ಹೋಗಿ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬಂತು. 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಇದರ ಹಿಡಿತ ಕಡಿಮೆ ಬಾಡಿಗೆಯ ಮನೆಗಳಿಗೆ ಮಾತ್ರ. ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ದಾಟಿದರೆ ಈ ಕಾಯ್ದೆ ನಿಮಗೆ ಅನ್ವಯಿಸುವುದಿಲ್ಲ. ಇವತ್ತು ತಿಪಟೂರಿನಲ್ಲೂ ಎರಡು ಕೋಣೆಯ ಮನೆ 2,000ಕ್ಕೆ ಎಲ್ಲಿ ಸಿಗುತ್ತೆ? ಹಾಗಾಗಿ ಹೆಚ್ಚಿನವರ ಮನೆ ನಡೆಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಕೆಳಗೆ. ಅದರ 106ನೇ ಸೆಕ್ಷನ್ ಪ್ರಕಾರ ತಿಂಗಳ ಬಾಡಿಗೆಯ ಮನೆಗೆ 15 ದಿನದ ನೋಟಿಸ್ ಕೊಟ್ಟು ಬಾಡಿಗೆ ಮುಗಿಸಬಹುದು. ಕರಾರಿನಲ್ಲಿ ಬೇರೆ ಅವಧಿ ಬರೆದಿದ್ದರೆ ಅದೇ ನಡೆಯುತ್ತದೆ. ಬಿಡದಿದ್ದರೆ ಸಿವಿಲ್ ಕೋರ್ಟು. ಅಲ್ಲೂ ತಡ ಆಗುತ್ತದೆ ನಿಜ. ಆದರೆ “ಸ್ವಂತಕ್ಕೆ ಬೇಕು” ಎಂದು ಸಾಬೀತು ಮಾಡುವ ಹೊರೆ ಇಲ್ಲ.

ಹನ್ನೆರಡು ವರ್ಷ ಇದ್ದರೆ ಮನೆ ಅವರದೇ ಆಗುತ್ತೆ ಅನ್ನುವ ಮಾತಿದೆಯಲ್ಲ, ಅದು ಬಾಡಿಗೆದಾರರಿಗೆ ಹೊಂದುವುದಿಲ್ಲ. ಮಾಲೀಕರ ಒಪ್ಪಿಗೆಯಿಂದ ಒಳಗೆ ಬಂದವರು, ಬಾಡಿಗೆ ಸಂಬಂಧ ಇರುವವರೆಗೆ, ಆ ಮಾಲೀಕತ್ವವನ್ನೇ ಅಲ್ಲಗಳೆಯುವ ಹಾಗಿಲ್ಲ. ಇಪ್ಪತ್ತು ವರ್ಷ ಇದ್ದರೂ ಬಾಡಿಗೆದಾರರು ಬಾಡಿಗೆದಾರರೇ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ನೆಂಟರಿಗೆ “ಸುಮ್ನೆ ಇರಲಿ ಬಿಡಿ” ಎಂದು ಕೊಡುವುದಕ್ಕಿಂತ ನೂರು ರೂಪಾಯಿಯಾದರೂ ಬಾಡಿಗೆ ತೆಗೆದುಕೊಂಡು ರಸೀದಿ ಕೊಡಿ. ಆ ರಸೀದಿಯೇ ನಿಮ್ಮ ಹಕ್ಕಿನ ಸಾಕ್ಷಿ.

ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದಾಗ ಇನ್ನೊಂದು ಗಾಬರಿ ಹಬ್ಬಿತು. ಮೀಟರಿನ ಆರ್‌ಆರ್ ನಂಬರಿಗೆ ಬಾಡಿಗೆದಾರರ ಆಧಾರ್ ಜೋಡಿಸಿದರೆ ಮನೆ ಅವರ ಹೆಸರಿಗೆ ಹೋಗಿಬಿಡುತ್ತದೆ ಅಂತ. ಕರಾರು ಪತ್ರವನ್ನೇ ಕೊಡದೆ ಎಷ್ಟೋ ಜನ ಬಾಡಿಗೆದಾರರನ್ನು ಸತಾಯಿಸಿದರು. ಕರೆಂಟ್ ಬಿಲ್ಲಿನಿಂದ ಮಾಲೀಕತ್ವ ಹುಟ್ಟುವುದಿಲ್ಲ. ಬಾಡಿಗೆದಾರರಿಗೆ ಬರಬೇಕಾದ ಸೌಲಭ್ಯವನ್ನು ತಡೆಯಬೇಡಿ.

ಮನೆ ಕರಾರು ಮಾಡುವಾಗ ಕೆಲವು ವಿಷಯ ನೋಡಿಕೊಳ್ಳಿ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರನ್ನು ನೋಂದಣಿ ಮಾಡಿಸಲೇಬೇಕು. ನೋಂದಣಿ ತಪ್ಪಿಸಲಿಕ್ಕೇ ಎಲ್ಲರೂ 11 ತಿಂಗಳು ಎಂದು ಬರೆಸುತ್ತಾರೆ. ಅದರಲ್ಲಿ ತಪ್ಪಿಲ್ಲ. ಆದರೆ ಅವಧಿ ಮುಗಿದ ಮೇಲೆ ಹೊಸದಾಗಿ ಬರೆಸಿ. ಹಳೇ ಪತ್ರ ಪೆಟ್ಟಿಗೆಯಲ್ಲೇ ಇದ್ದು ಬಾಡಿಗೆ ಮಾತ್ರ ಏರುತ್ತಾ ಹೋದರೆ, ಜಗಳ ಬಂದ ದಿನ ಯಾವ ಷರತ್ತು ನಡೆಯುತ್ತೆ ಅನ್ನುವುದೇ ಗೊಂದಲ. ಛಾಪಾ ಶುಲ್ಕ ಸರಿಯಾಗಿ ಕಟ್ಟಿ. ಕಡಿಮೆ ಕಟ್ಟಿದ ಪತ್ರವನ್ನು ಕೋರ್ಟಿಗೆ ಹಾಜರು ಮಾಡಿದರೆ ಬಾಕಿ ಶುಲ್ಕದ ಜೊತೆ ಅದರ ಹತ್ತು ಪಟ್ಟು ದಂಡ ಬೀಳುತ್ತದೆ. ಬಾಡಿಗೆ ಬ್ಯಾಂಕಿಗೇ ಬರಲಿ. ಬಾಡಿಗೆದಾರರು ಮನೆ ಬಿಡದಿದ್ದರೆ ನೀರು ನಿಲ್ಲಿಸುವುದು, ಬೀಗ ಬದಲಿಸುವುದು ಮಾತ್ರ ಬೇಡ. ಕಾನೂನು ಪ್ರಕಾರ ಅಲ್ಲದೆ ಹೊರಗೆ ಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಕೆಳಗೆ ಅವರು ಆರು ತಿಂಗಳೊಳಗೆ ದಾವೆ ಹಾಕಿ ಮತ್ತೆ ಒಳಗೆ ಬರಬಹುದು. ಆಗ ನಿಮ್ಮ ಕಡೆ ಇದ್ದ ನ್ಯಾಯವೂ ಹೋಯಿತು.

ಮುಂಗಡದ ಬಗ್ಗೆ ಒಂದು ಮಾತು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಹಿಂದೆಯೂ ಈ ಭಯವೇ ಕೂತಿದೆ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಮುಂಗಡ ಸಾಕು ಎನ್ನುತ್ತದೆ. ರಾಜ್ಯಗಳು ಒಪ್ಪಿಕೊಂಡರೆ ಮಾತ್ರ ಅದು ಜಾರಿ. 2011ರ ಜನಗಣತಿಯ ಹೊತ್ತಿಗೆ ದೇಶದ ಪಟ್ಟಣಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಇದ್ದವು. ಅವು ಬಾಡಿಗೆಗೆ ಬರಲಿ ಅನ್ನುವುದೇ ಆ ಮಾದರಿಯ ಉದ್ದೇಶ. ಕಾನೂನು ಬರುವ ತನಕ ಕಾಯಬೇಕಿಲ್ಲ. ಗಟ್ಟಿಯಾದ ಕರಾರು ಇದ್ದರೆ ಮೂರು ತಿಂಗಳ ಮುಂಗಡದಲ್ಲೇ ನೆಮ್ಮದಿಯಾಗಿ ಕೊಡಬಹುದು.

ಈಗ ಹೊಲ. ಇಲ್ಲಿ ನಿಧಾನವಾಗಿ ಓದಿ

ನಮ್ಮ ತಂದೆಯವರು ಗೇಣಿದಾರರು, ಅಂದರೆ ಇನ್ನೊಬ್ಬರ ಜಮೀನನ್ನು ಗೇಣಿ ಕೊಟ್ಟು ಉಳುತ್ತಿದ್ದವರು. ನಮ್ಮ ಮನೆಗೆ ಎರಡು ಎಕರೆ ಬಂದದ್ದು ಫಾರಂ ನಂಬರ್ 7ರಿಂದ, ಅಂದರೆ ಉಳುತ್ತಿದ್ದ ಜಮೀನಿನ ಹಕ್ಕು ಕೇಳಿ ಗೇಣಿದಾರರು ಹಾಕುತ್ತಿದ್ದ ಅರ್ಜಿಯಿಂದ. ಭೂ ನ್ಯಾಯಮಂಡಳಿ ಕೊಟ್ಟ ಹಕ್ಕುಪತ್ರ, ಅದೇ ಫಾರಂ ನಂಬರ್ 10, ಇವತ್ತಿಗೂ ನಮ್ಮ ಬೀರುವಿನಲ್ಲಿದೆ. ನಾನು ಓದಿದ್ದು ಆ ಎರಡು ಎಕರೆಯ ದುಡ್ಡಿನಲ್ಲಿ. ಹಾಗಾಗಿ ಭೂ ಸುಧಾರಣೆ ಕಾನೂನನ್ನು ಬೈಯುವವರ ಜೊತೆ ನಾನು ಸೇರುವುದಿಲ್ಲ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಗೇಣಿ ಅಳೆಯುವ ಕೊಳಗದ ಮೋಸ ತಾಳಲಾರದೆ. ಉಳುವವನೇ ಹೊಲದೊಡೆಯ ಅನ್ನುವ ಮಾತಿಗೆ ಕಾನೂನಿನ ಬಲ ಬಂದದ್ದು ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ. 1974ರ ಮಾರ್ಚ್ 1ಕ್ಕೆ ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಅಲ್ಲಿಂದ ಉಳುತ್ತಿದ್ದವರಿಗೆ ಬಂತು. ಲಕ್ಷಾಂತರ ಮನೆಗಳಲ್ಲಿ ಒಲೆ ಉರಿದದ್ದು ಅದರಿಂದ.

ಆದರೆ ಜಮೀನು ಕಳೆದುಕೊಂಡ ಮನೆಗಳಲ್ಲಿ, ಅದನ್ನು ನೋಡಿದ ಪಕ್ಕದ ಮನೆಗಳಲ್ಲಿ, ಒಂದು ಪಾಠ ಉಳಿದುಹೋಯಿತು. ಇನ್ನೊಬ್ಬರ ನೇಗಿಲು ನಮ್ಮ ಹೊಲಕ್ಕೆ ಇಳಿಯಬಾರದು. ತಮಾಷೆಯಲ್ಲ, ಫಾರಂ 7ರಿಂದ ಜಮೀನು ಪಡೆದ ಮನೆಯವರೇ ಈಗ ಅದೇ ಮಾತು ಹೇಳುತ್ತಾರೆ.

ಮೊದಲ ಸಮಾಧಾನ ಇದು. ಫಾರಂ 7ರ ಬಾಗಿಲು 1979ರ ಜೂನ್ 30ಕ್ಕೆ ಮುಚ್ಚಿತು. ತಪ್ಪಿಸಿಕೊಂಡವರಿಗೆ 1998ರಲ್ಲಿ 7ಎ ಎಂದು ಇನ್ನೊಮ್ಮೆ ಅವಕಾಶ ಕೊಟ್ಟರು, ಅದೂ ಮುಗಿಯಿತು. ಎರಡಕ್ಕೂ 1974ರ ಮಾರ್ಚ್‌ಗೆ ಮುಂಚಿನಿಂದ ಗೇಣಿ ಇರಬೇಕಿತ್ತು. ನೀವು ಈ ವರ್ಷ ಹೊಲ ಕೊಟ್ಟವರು ಅದೇ ದಾರಿಯಲ್ಲಿ ಹಕ್ಕುಪತ್ರ ಪಡೆಯಲು ಆಗುವುದಿಲ್ಲ.

ಇನ್ನು ನಿಜವಾಗಿ ಅಡ್ಡ ಬರುವ ಭಾಗ. ಭೂ ಸುಧಾರಣಾ ಕಾಯ್ದೆಯ 5ನೇ ಸೆಕ್ಷನ್ ಹೊಸದಾಗಿ ಗೇಣಿ ಕೊಡುವುದನ್ನೇ ನಿಷೇಧಿಸಿದೆ. ಎಷ್ಟೇ ಚಿಕ್ಕ ಅವಧಿಗಾದರೂ ಇಲ್ಲ. ಸೈನಿಕರಿಗೆ ಮತ್ತು ಹಡಗಿನಲ್ಲಿ ದುಡಿಯುವವರಿಗೆ ವಿನಾಯಿತಿ ಇದೆ. ಮನೆಯಲ್ಲಿ ಸೇನೆಯಲ್ಲಿ ಇರುವವರು ಇದ್ದರೆ, ಜಮೀನು ಅವರದೇ ಹೆಸರಿನಲ್ಲಿದ್ದರೆ, ವಕೀಲರ ಹತ್ತಿರ ಮೊದಲು ಇದನ್ನೇ ಕೇಳಿ. 2020ರ ತಿದ್ದುಪಡಿ ಬಂದ ಮೇಲೆ ಗೇಣಿಯೂ ಈಗ ಓಪನ್ ಎಂದು ಕೆಲವರು ಅಂದುಕೊಂಡಿದ್ದಾರೆ. ತೆಗೆದದ್ದು ಅದೇ ಕಾಯ್ದೆಯ 79ಎ, 79ಬಿ ಸೆಕ್ಷನ್‌ಗಳನ್ನು. ಅಂದರೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಕೊಳ್ಳಬಹುದು, ಗೇಣಿಗೆ ಕೊಡುವ ಹಾಗಿಲ್ಲ. 5ನೇ ಸೆಕ್ಷನ್ ಹಾಗೇ ಇದೆ.

ಆದರೂ ಊರಲ್ಲಿ ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಹೊಲ ಕೊಡುವುದು ನಡೆಯುತ್ತಲೇ ಇದೆ. ಉತ್ತರ ಕರ್ನಾಟಕದ ಕಡೆ ಲಾವಣಿ, ಕೋರು ಅನ್ನುವ ಹೆಸರಲ್ಲೂ ಕೊಡುತ್ತಾರೆ. ಎಲ್ಲ ಬಾಯಿಮಾತು. ಇದರ ಪೂರ್ತಿ ಪೆಟ್ಟು ಉಳುವವರಿಗೆ. ಜಮೀನಿನ ದಾಖಲೆಯಾದ ಪಹಣಿ ಅವರ ಹೆಸರಲ್ಲಿಲ್ಲ, ಹಾಗಾಗಿ ಬೆಳೆ ಸಾಲ ಇಲ್ಲ. ಸರ್ಕಾರದ ರೈತ ನೋಂದಣಿಯ ಫ್ರೂಟ್ಸ್ ಗುರುತಿನ ಸಂಖ್ಯೆ ಮಾಲೀಕರದು, ಹಾಗಾಗಿ ಬೆಳೆ ಹೋದರೆ ಪರಿಹಾರ ಮಾಲೀಕರ ಖಾತೆಗೆ. ಬೆಂಬಲ ಬೆಲೆಯ ರಾಗಿ ಖರೀದಿ ಕೇಂದ್ರದಲ್ಲೂ ಅದೇ ಕಥೆ. ಮಾಲೀಕರಿಗೂ ಕೋರ್ಟಿನ ಆಸರೆ ಇಲ್ಲ. ಒಪ್ಪಿದ ಪಾಲು ಕೊಡದಿದ್ದರೆ ಕಾನೂನೇ ಒಪ್ಪದ ಕರಾರಿಗೆ ಯಾರು ನ್ಯಾಯ ಮಾಡುತ್ತಾರೆ? ಅದನ್ನು 20 ರೂಪಾಯಿ ಪತ್ರದಲ್ಲಿ ಬರೆದುಕೊಡಿ ಎಂದು ಬರುತ್ತಾರೆ. ನಾನು ಬರೆಯುವುದಿಲ್ಲ. ಕಾನೂನು ಮೀರಿದ್ದಕ್ಕೆ ನೀವೇ ಸಹಿ ಹಾಕಿ ಸಾಕ್ಷಿ ಕೊಟ್ಟ ಹಾಗೆ ಆಗುತ್ತದೆ ಅಷ್ಟೆ.

ಹಾಗಾದರೆ ಏನು ಮಾಡಬಹುದು?

ಕೂಲಿ ಕೊಟ್ಟು ನೀವೇ ಸಾಗು ಮಾಡಿಸುವುದು. ಕಾಯ್ದೆಯಲ್ಲಿ “ಸ್ವಂತ ಸಾಗುವಳಿ” ಎಂದರೆ ಏನು ಅಂತ ವಿವರಿಸಿದ್ದಾರೆ. ನಿಮ್ಮ ದುಡಿಮೆ ಇರಬಹುದು, ಮನೆಯವರ ದುಡಿಮೆ ಇರಬಹುದು, ಅಥವಾ ನೀವೋ ಮನೆಯವರೋ ಮೇಲ್ವಿಚಾರಣೆ ಮಾಡುತ್ತಾ ಕೂಲಿಯವರಿಂದ ಮಾಡಿಸಿದ್ದಿರಬಹುದು. ಕೂಲಿ ದುಡ್ಡಿನಲ್ಲೂ ಕೊಡಬಹುದು, ಕಾಳಿನಲ್ಲೂ ಕೊಡಬಹುದು. ಬೆಳೆಯ ಪಾಲಾಗಿ ಮಾತ್ರ ಕೊಡುವ ಹಾಗಿಲ್ಲ. ಎಲ್ಲ ಇರುವುದು ಈ ಒಂದು ಗೆರೆಯಲ್ಲಿ. ತಿಂಗಳಿಗೆ ಇಷ್ಟು ರೂಪಾಯಿ, ಸುಗ್ಗಿಗೆ ಎರಡು ಚೀಲ ರಾಗಿ ಎಂದು ಮೊದಲೇ ಗೊತ್ತು ಮಾಡಿದರೆ ಅದು ಕೂಲಿ. ಬಂದ ರಾಗಿಯಲ್ಲಿ ಅರ್ಧ ಎಂದರೆ ಅದು ವಾರ.

ನಿವೃತ್ತ ಮೇಷ್ಟ್ರೊಬ್ಬರು ಪಹಣಿ ಹಿಡಿದು ಬಂದಿದ್ದರು. ಮಗ ಬೆಂಗಳೂರಿನಲ್ಲಿ, ಅವರಿಗೆ ಮಂಡಿ ನೋವು, ಹೊಲ ಮೂರು ವರ್ಷದಿಂದ ಬೀಳು. ಹನ್ನೆರಡನೇ ಕಾಲಂ ಮೇಲೆ ಬೆರಳಿಟ್ಟು, “ಇಲ್ಲಿ ಉಳುವವನ ಹೆಸರು ಬಂದುಬಿಟ್ಟರೆ ಏನಮ್ಮಾ ಗತಿ?” ಅಂದರು. ಅವರ ಭಯ ಸರಿಯಾದ ಜಾಗದಲ್ಲೇ ಇತ್ತು. ಪಹಣಿಯ ಒಂಬತ್ತನೇ ಕಾಲಂನಲ್ಲಿ ಮಾಲೀಕರ ಹೆಸರು, ಹನ್ನೆರಡರಲ್ಲಿ ಸಾಗುವಳಿದಾರರ ಹೆಸರು ಮತ್ತು ಬೆಳೆ. 1964ರ ಭೂ ಕಂದಾಯ ಕಾಯ್ದೆಯ 133ನೇ ಸೆಕ್ಷನ್ ಪ್ರಕಾರ, ತಪ್ಪೆಂದು ಸಾಬೀತಾಗುವ ತನಕ ಪಹಣಿಯಲ್ಲಿ ಇರುವುದೇ ನಿಜ. ಹಿಂದೆ ಎಷ್ಟೋ ಕೇಸು ತಿರುಗಿದ್ದು ಈ ಕಾಲಂ ಮೇಲೆಯೇ.

“ಮೇಷ್ಟ್ರೇ, ಹೊಲ ಕೊಡಬೇಡಿ, ಕೆಲಸ ಕೊಡಿ” ಅಂದೆ. ಅವರಿಗೆ ಬರೆದುಕೊಟ್ಟ ಕೂಲಿ ಕರಾರಿನ ಮುಖ್ಯ ಸಾಲುಗಳು ಹೀಗಿದ್ದವು: “ಸದರಿ ಜಮೀನಿನ ಸ್ವಾಧೀನ ಎಂದೆಂದಿಗೂ ಮಾಲೀಕರಲ್ಲೇ ಇರುತ್ತದೆ. ಕೆಲಸಗಾರರು ಮಾಲೀಕರ ಮೇಲ್ವಿಚಾರಣೆಯಲ್ಲಿ ಉಳುಮೆ, ಬಿತ್ತನೆ, ಕಳೆ, ಕೊಯ್ಲು, ಒಕ್ಕಣೆ ಕೆಲಸಗಳನ್ನು ಗೊತ್ತುಮಾಡಿದ ಕೂಲಿಗೆ ಮಾಡಿಕೊಡತಕ್ಕದ್ದು. ಬೆಳೆ ಪೂರ್ತಿ ಮಾಲೀಕರದು. ಕೂಲಿಗೂ ಬೆಳೆಯ ಪ್ರಮಾಣಕ್ಕೂ ಸಂಬಂಧವಿಲ್ಲ.”

ಬರೆದರೆ ಸಾಲದು, ನಡೆಯುವುದೂ ಹಾಗೇ ಇರಬೇಕು. ಮೇಲೆ ಕೂಲಿ ಕರಾರು, ಒಳಗೊಳಗೆ ಅರ್ಧ ಪಾಲು ಎಂದರೆ ನಾಳೆ ಸಾಕ್ಷಿಗಳು ಬಾಯಿ ಬಿಟ್ಟ ದಿನ ಪತ್ರ ನಿಲ್ಲುವುದಿಲ್ಲ. ಬೀಜ, ಗೊಬ್ಬರದ ಬಿಲ್ಲು ನಿಮ್ಮ ಹೆಸರಲ್ಲಿರಲಿ. ಟ್ರ್ಯಾಕ್ಟರ್ ಬಾಡಿಗೆ ನೀವೇ ಕೊಡಿ. ಕೂಲಿಯನ್ನು ಫೋನ್‌ಪೇಯಲ್ಲೋ ಬ್ಯಾಂಕಿಗೋ ಹಾಕಿ. ನಗದು ಕೊಟ್ಟರೆ ಒಂದು ಪುಸ್ತಕದಲ್ಲಿ ತಾರೀಕು, ಕೆಲಸ, ಮೊತ್ತ ಬರೆದು ಸಹಿ ಹಾಕಿಸಿ. ಬೆಂಗಳೂರಿನಲ್ಲಿ ಇರುವವರು ಬಿತ್ತನೆಗೆ, ಕಳೆಗೆ, ಕೊಯ್ಲಿಗಾದರೂ ಬನ್ನಿ. ಮೇಲ್ವಿಚಾರಣೆ ಅನ್ನುವುದು ಕಾಗದದ ಮಾತಲ್ಲ. ರಾಗಿ ನಿಮ್ಮ ಹೆಸರಿನಲ್ಲೇ ಮಾರಿ. ನಷ್ಟ ಆದರೂ ಕೂಲಿ ಕೊಡಲೇಬೇಕು ಅನ್ನುವುದು ನೆನಪಿರಲಿ, ಈ ದಾರಿಯ ಬೆಲೆ ಅದು. ಒಳ್ಳೆ ಬೆಳೆ ಬಂದ ವರ್ಷ ಸಂತೋಷಕ್ಕೆ ಕೈ ಎತ್ತಿ ಕೊಡಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಮುಂಗಡ ಸಾಲ ಕೊಟ್ಟು ಆ ಸಾಲಕ್ಕೆ ದುಡಿಸುವುದು ಮಾತ್ರ ಬೇಡವೇ ಬೇಡ. ಅದು ಜೀತ. 1976ರಲ್ಲೇ ನಿಷೇಧವಾದ ಅಪರಾಧ.

ತೆಂಗು, ಹುಣಸೆ, ಮಾವು ಇದ್ದರೆ ಇನ್ನೂ ಸುಲಭ. ಫಸಲು ಮಾತ್ರ ಮಾರಿ. ಈ ಸಲದ ಕಾಯಿ, ಇಂತಿಷ್ಟು ದುಡ್ಡಿಗೆ, ಇಂಥ ತಾರೀಕಿನೊಳಗೆ ಕಿತ್ತುಕೊಂಡು ಹೋಗಬೇಕು, ಅಷ್ಟೇ ಬರೆಯಿರಿ. ನೀರು, ಗೊಬ್ಬರ, ಉಳುಮೆ ನಿಮ್ಮದೇ ಆಗಿರಲಿ. ತೋಟದಲ್ಲಿ ಗುಡಿಸಲು ಹಾಕಿಕೊಳ್ಳುವುದು, ನಡುವೆ ಅಲಸಂದೆ ಬೆಳೆದುಕೊಳ್ಳುವುದು, ಐದು ವರ್ಷಕ್ಕೆ ಒಟ್ಟಿಗೆ ಬರೆಸುವುದು, ಇವೆಲ್ಲ ಸೇರಿದರೆ ಫಸಲಿನ ಮಾರಾಟ ಹೋಗಿ ಗೇಣಿಯ ವಾಸನೆ ಬರುತ್ತದೆ.

ಅಲಿನೇಷನ್ ಆಗಿ ಕೃಷಿಯೇತರವಾದ ಜಾಗಕ್ಕೆ ಈ ತಾಪತ್ರಯ ಇಲ್ಲ. ಗೋಡೌನಿಗೋ ಅಂಗಡಿಗೋ ಕೊಡಬಹುದು, ಕರಾರು ಮನೆಯದರ ಹಾಗೇ. ಮುಂಚೆ ಅಲಿನೇಷನ್ ಆದೇಶ ಕೈಯಲ್ಲಿರಲಿ.

ಹಕ್ಕು ಗಟ್ಟಿ ಇದ್ದರೆ ರೈತರು ಕೊಡಲು ಹಿಂದೆ ಮುಂದೆ ನೋಡುವುದಿಲ್ಲ ಅನ್ನುವುದಕ್ಕೆ ನಮ್ಮ ಜಿಲ್ಲೆಯ ಪಾವಗಡವೇ ಉದಾಹರಣೆ. ಅಲ್ಲಿನ 2,050 ಮೆಗಾವಾಟ್ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ಸೇರಿದ್ದು ಬಹುಪಾಲು ರೈತರ ಗುತ್ತಿಗೆ ಜಮೀನಿನಿಂದ. ಸರ್ಕಾರದ ಕಂಪನಿಯೇ ಮುಂದೆ ನಿಂತಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ, ಪಹಣಿಯಲ್ಲಿ ಮಾಲೀಕರ ಹೆಸರು ಹಾಗೇ. ಬರಗಾಲದ ನೆಲದ ರೈತರು ಮುಂದೆ ಬಂದು ಸಹಿ ಹಾಕಿದರು. ಜಮೀನಿಲ್ಲದ ಕೂಲಿಯವರಿಗೆ ಅಲ್ಲಿ ಹೊಲದ ಕೆಲಸ ಹೋಯಿತು ಅನ್ನುವುದನ್ನೂ ಹೇಳಬೇಕು. ಗುತ್ತಿಗೆ ಅಂದರೆ ಸೋಲಾರಿಗೆ ಮಾತ್ರ ಯಾಕೆ, ರಾಗಿಗೂ ಆಗಲಿ ಅಂತ ನನ್ನ ಆಸೆ. ಆಂಧ್ರಪ್ರದೇಶದಲ್ಲಿ 2019ರಲ್ಲಿ ಬೆಳೆ ಸಾಗುವಳಿದಾರರ ಹಕ್ಕುಗಳ ಕಾಯ್ದೆ ಮಾಡಿದರು. ಹನ್ನೊಂದು ತಿಂಗಳ ಕರಾರು. ಮಾಲೀಕರ ಹಕ್ಕಿಗೆ ಕೈ ಹಾಕುವುದಿಲ್ಲ, ಉಳುವವರಿಗೆ ಬೆಳೆ ಸಾಲ, ವಿಮೆ, ಪರಿಹಾರದ ದಾರಿ ತೆರೆಯುತ್ತದೆ. ನಮ್ಮಲ್ಲೂ ಅಂಥದ್ದೊಂದು ಬಂದರೆ, ನಾನು ಇವತ್ತು ಬರೆಯಲು ಒಲ್ಲೆ ಎನ್ನುವ ಕರಾರನ್ನು ಸಂತೋಷದಿಂದ ಬರೆಯುತ್ತೇನೆ.

ಪ್ರತಿ ವರ್ಷ ನೋಡಿಕೊಳ್ಳಬೇಕಾದದ್ದು

ಪಹಣಿಯನ್ನು ವರ್ಷಕ್ಕೊಮ್ಮೆಯಾದರೂ ತೆಗೆಸಿ ನೋಡಿ. ಕಂದಾಯ ಇಲಾಖೆಯ ‘ಭೂಮಿ’ ವೆಬ್‌ಸೈಟಿನಲ್ಲೇ ಕಾಣುತ್ತದೆ, ನಾಡಕಚೇರಿಯಲ್ಲೂ ಸಿಗುತ್ತದೆ. ಒಂಬತ್ತು ಮತ್ತು ಹನ್ನೆರಡು ಎರಡೂ ಕಾಲಂ ಓದಿ. ಹನ್ನೊಂದರಲ್ಲಿ ಸಾಲ, ಋಣ ಇರುತ್ತವೆ, ಅದನ್ನೂ ಬಿಡಬೇಡಿ. ಮುಂಗಾರಿನ ಬೆಳೆ ಸಮೀಕ್ಷೆ ಬಂದಾಗ ಆ್ಯಪ್‌ನಲ್ಲಿ ನಿಮ್ಮ ಫೋನಿನಿಂದಲೇ ಬೆಳೆ ಫೋಟೊ ಹಾಕಿ. ಮಾಡಲು ಬಾರದಿದ್ದರೆ ಮಗನ ಕೈಲೋ ಮಗಳ ಕೈಲೋ ಮಾಡಿಸಿ, ಇನ್ನೊಬ್ಬರ ಮೇಲೆ ಬಿಡಬೇಡಿ.

ಹನ್ನೆರಡರಲ್ಲಿ ಗೊತ್ತಿಲ್ಲದ ಹೆಸರು ಕಂಡರೆ ಸುಮ್ಮನಿರಬೇಡಿ. ತಹಶೀಲ್ದಾರರಿಗೆ ಲಿಖಿತವಾಗಿ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ಅವರ ಆದೇಶ ಸರಿ ಕಾಣದಿದ್ದರೆ ಮೇಲ್ಮನವಿ ಉಪವಿಭಾಗಾಧಿಕಾರಿಗಳ ಹತ್ತಿರ. ಹೋಗುವಾಗ ಕೂಲಿ ಪುಸ್ತಕ, ಗೊಬ್ಬರದ ಬಿಲ್ಲು, ರಾಗಿ ಮಾರಿದ ರಸೀದಿ, ಕಂದಾಯ ಕಟ್ಟಿದ ಚೀಟಿ ಒಟ್ಟಿಗೆ ಇರಲಿ. ಮೇಷ್ಟ್ರು ಇವನ್ನೆಲ್ಲ ಒಂದೇ ಪ್ಲಾಸ್ಟಿಕ್ ಫೈಲಿನಲ್ಲಿ ವರ್ಷದ ಪ್ರಕಾರ ಜೋಡಿಸಿಟ್ಟಿದ್ದಾರೆ. ನೀವೂ ಈ ಮುಂಗಾರಿನ ಬೀಜದ ಬಿಲ್ಲಿನಿಂದಲೇ ಶುರು ಮಾಡಿ.